ಗುಲಾಬಿಯಾದ ಚೇಲೆ: ಕಪ್ಪುಬಿಳುಪು ಚಿತ್ರಕ್ಕೆ ಬಣ್ಣ ತುಂಬಿದ ನಾಲ್ಕು ಬಗೆ

ಕೊಡಗಿನ ಸುಗ್ಗಿಹಬ್ಬ ಹುತ್ತರಿಯ ರಾತ್ರಿಯ ಚಿತ್ರವೊಂದನ್ನು ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಕ್ರಿಟಾ ತಂತ್ರಾಂಶದಲ್ಲಿ ಬರೀ ಬೂದುಬಣ್ಣದಲ್ಲಿ ಬಿಡಿಸಿ ಮುಗಿಸಿದ್ದೆ. ಹುಣ್ಣಿಮೆಯ ಬೆಳಕು, ಕದಿರು ಹಿಡಿದು ಕುಲದ ಮೂಲಮನೆಯಾದ ಐನ್‌ಮನೆಯ ಮೆಟ್ಟಿಲೇರುತ್ತಿರುವ ಹಿರಿಯರು, ಮೈಮೇಲೆ ಕುಪ್ಯವೆಂಬ ಕಪ್ಪು ನಿಲುವಂಗಿ, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ. ಅಂಗಳದಂಚಿನಲ್ಲಿ ಹಣ್ಣು ಬಿಟ್ಟ ಕಾಫಿ ಗಿಡ, ಬಾಗಿಲಲ್ಲಿ ದೀಪ. ನೆರಳು ಬೆಳಕು ಸರಿಯಾಗಿ ಕೂತಿದ್ದರಿಂದ ಬಣ್ಣ ಹಾಕುವುದು ಒಂದು ಸಂಜೆಯ ಕೆಲಸ ಎಂದುಕೊಂಡೆ. ಮಡಿಕೇರಿಯ ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿದ್ದುದೂ ಸೇರಿ ಅದು ಹತ್ತು ದಿನ ಹಿಡಿಯಿತು. ಒಂದೇ ಚಿತ್ರದ ನಾಲ್ಕು ಪ್ರತಿ ಮಾಡಿಕೊಂಡು ನಾಲ್ಕು ಬಗೆಯಲ್ಲಿ ಬಣ್ಣ ತುಂಬಿ ನೋಡಿದೆ.

ಮೊದಲನೆಯದು ಎಲ್ಲರೂ ಹೇಳಿಕೊಡುವ ದಾರಿ. ಮೇಲೊಂದು ಲೇಯರ್, ಅಂದರೆ ಪಾರದರ್ಶಕ ಪದರ ಇಟ್ಟು, ಅದು ಕೆಳಗಿನ ಚಿತ್ರದೊಡನೆ ಬೆರೆಯುವ ರೀತಿಯನ್ನು (ಬ್ಲೆಂಡಿಂಗ್ ಮೋಡ್) ‘ಕಲರ್’ಗೆ ಬದಲಿಸಿ ಬಳಿಯುವುದು. ಚೇಲೆಗೆ ಅಪ್ಪಟ ಕೆಂಪು ಬಳಿದೆ, ಗುಲಾಬಿ ಬಂತು. ಕಾಫಿ ಹಣ್ಣೂ ಗುಲಾಬಿಯೇ. ದೀಪದ ಹಳದಿ ಗೋಡೆಯ ಮೇಲೆ ಬಿದ್ದ ಕಡೆಯಲ್ಲೆಲ್ಲ ಮಳೆಗಾಲದ ಪಾಚಿ ಕಟ್ಟಿದಂತಾಯಿತು. ಹಿಂದಿನಿಂದ ಇಣುಕಿದ ದೊಡ್ಡಮ್ಮ, “ಯಾವ ಮನೆಯವರಪ್ಪಾ ಇವರು, ಗುಲಾಬಿ ಚೇಲೆ ಕಟ್ಟಿಕೊಂಡವರು?” ಎಂದು ಕೇಳಿಯೇಬಿಟ್ಟರು.

ತಪ್ಪು ನನ್ನದೇ. ಈ ಮೋಡ್ ಕೆಳಗಿನ ಬೂದಿನ ಹೊಳಪನ್ನು ಹಾಗೆಯೇ ಉಳಿಸಿಕೊಂಡು ಬಣ್ಣವನ್ನಷ್ಟೇ ಮೇಲಿನಿಂದ ಪಡೆಯುತ್ತದೆ. ಹೊಳಪಿನ ಲೆಕ್ಕದಲ್ಲಿ ಹಸಿರಿನ ಪಾಲು ಸುಮಾರು 59, ಕೆಂಪಿನದು 30, ನೀಲಿಯದು 11 ಪ್ರತಿಶತ. ಅಂದರೆ ಅಪ್ಪಟ ಕೆಂಪು ನಮಗೆ ಎಷ್ಟೇ ಉಜ್ವಲವಾಗಿ ಕಂಡರೂ ಕಪ್ಪಿಗೆ 0, ಬಿಳಿಗೆ 255 ಎಂಬ ಅಳತೆಯಲ್ಲಿ ಅದು ಕೂರುವ ಜಾಗ 76ರ ಆಸುಪಾಸು. ನಾನು ಚೇಲೆಯನ್ನು 150ರ ಬೂದಿನಲ್ಲಿ ಬಿಡಿಸಿದ್ದೆ. ಅಷ್ಟು ಹೊಳಪಿಗೆ ಏರಬೇಕಾದರೆ ಕೆಂಪಿಗೆ ಬಿಳಿ ಬೆರೆಯದೆ ಗತಿಯಿಲ್ಲ. ಹಳದಿಯದು ತಿರುಗುಮುರುಗು: 89 ಪ್ರತಿಶತ ಹೊಳೆಯಬೇಕಾದ ಬಣ್ಣವನ್ನು ಮಬ್ಬು ಬೂದಿಗೆ ಇಳಿಸಿದರೆ ಪಾಚಿಯೇ ಆಗುವುದು. ಕ್ರಿಟಾದಲ್ಲಿ ಇದೇ ಮೋಡ್ ಎಚ್‌ಎಸ್‌ವಿ ಲೆಕ್ಕದಲ್ಲೂ ಸಿಗುತ್ತದೆ; ಕೆಂಪು, ಹಸಿರು, ನೀಲಿಗಳಲ್ಲಿ ಯಾವುದು ಹೆಚ್ಚೋ ಅದನ್ನೇ ಹೊಳಪೆಂದು ಎಣಿಸುವ ಲೆಕ್ಕ ಅದು. ಅದನ್ನು ಹಾಕಿದರೆ ಗುಲಾಬಿ ಹೋಗುತ್ತದೆ, ಜೊತೆಗೆ ನಾನು ಕಷ್ಟಪಟ್ಟು ಕೂರಿಸಿದ್ದ ಬೆಳಕೂ ಹೋಗುತ್ತದೆ.

ಎರಡನೆಯ ಬಗೆ ‘ಮಲ್ಟಿಪ್ಲೈ’ ಎಂಬ ಮೋಡ್. ಅದು ನಮ್ಮ ಮನೆಗೆ ಹೊಸದಲ್ಲ. ನಡುಮನೆಯಲ್ಲಿ ಅಜ್ಜನ ಕಪ್ಪುಬಿಳುಪು ಫೋಟೊ ಇದೆ. ಕೆನ್ನೆಗೂ ಚೇಲೆಗೂ ಸ್ಟುಡಿಯೊದವರು ಕುಂಚದಿಂದ ಬಣ್ಣ ಹಚ್ಚಿದ್ದಾರೆ. ತಿಳಿಬಣ್ಣದ ನೀರು ಕೆಳಗಿರುವುದನ್ನು ಕಪ್ಪಾಗಿಸಬಲ್ಲದೇ ಹೊರತು ಬೆಳಗಿಸಲಾರದು. ಮಲ್ಟಿಪ್ಲೈ ಮಾಡುವುದೂ ಅದನ್ನೇ. ಬೂದನ್ನು ಮೊದಲು ಸಾಕಷ್ಟು ತಿಳಿಯಾಗಿಸಿಕೊಂಡ ಮೇಲೆ ಚೇಲೆ ಕೆಂಪಾಗಿಯೇ ಬಂತು. ಆದರೆ ಮಡಿಕೆಗಳ ಮೇಲಿದ್ದ ಬಿಳಿ ಮಿಂಚೆಲ್ಲ ಕೆಂಪಿನಲ್ಲಿ ಮುಳುಗಿ, ರೇಷ್ಮೆ ಹೋಗಿ ಒದ್ದೆ ಹತ್ತಿಬಟ್ಟೆಯಾಯಿತು. ಅಜ್ಜನ ಫೋಟೊದ ಚೇಲೆಯಲ್ಲೂ ಹೊಳಪಿಲ್ಲ ಎಂಬುದು ಅಂದು ಕಣ್ಣಿಗೆ ಬಿತ್ತು.

‘ಓವರ್‌ಲೇ’ ಎಂಬ ಮೂರನೆಯ ಮೋಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಧ್ಯದ ಬೂದಿನಲ್ಲಿ ಬಣ್ಣ ಕಿರುಚುತ್ತದೆ. ತೀರಾ ಬಿಳಿ, ತೀರಾ ಕಪ್ಪು ಜಾಗಗಳಿಗೆ ಅಂಟುವುದೇ ಇಲ್ಲ. ಕುಪ್ಯದ ಮೇಲೆ ಬೆಳದಿಂಗಳ ನೀಲಿ ತರಲು ಒಂದು ಗಂಟೆ ಒದ್ದಾಡಿ ಬಿಟ್ಟುಬಿಟ್ಟೆ. ಹಾಲು ಕಡಿಮೆಯಾದ ಕಾಫಿಗೆ ಸಕ್ಕರೆ ಸುರಿದಂತೆ, ಎಷ್ಟು ಹಾಕಿದರೂ ಬೇಕಾದದ್ದು ಬರಲಿಲ್ಲ.

ನಾಲ್ಕನೆಯದು ಗ್ರೇಡಿಯೆಂಟ್ ಮ್ಯಾಪ್. ಇಲ್ಲಿ ಬಣ್ಣ ಬಳಿಯುವುದಿಲ್ಲ. ಯಾವ ಬೂದಿಗೆ ಯಾವ ಬಣ್ಣ ಎಂದು ಪಟ್ಟಿ ಕೊಡುತ್ತೇವೆ. ಚೇಲೆಗೆ ನಾನು ಕೊಟ್ಟ ಪಟ್ಟಿ: ನೆರಳಿಗೆ ಕಡು ನೇರಳೆ, ನಡುವೆ ಗಾಢ ಕೆಂಪು, ಬೆಳಕಿಗೆ ಕಿತ್ತಳೆ, ತುತ್ತತುದಿಗೆ ಬೆಣ್ಣೆಯ ಬಿಳಿ. ಒಂದೇ ಏಟಿಗೆ ರೇಷ್ಮೆ ಎದ್ದು ಬಂತು! ದೀಪದ ಕಡೆಯ ಮಡಿಕೆ ಬೆಚ್ಚಗೆ, ಆಚೆಯದು ತಣ್ಣಗೆ. ಕೆಂಪು ಇನ್ನೂ ಗಾಢವಾಗಿರಬೇಕು ಎಂದು ದೊಡ್ಡಮ್ಮ ಅಂದಾಗ ಪಟ್ಟಿಯ ಒಂದು ಗುರುತನ್ನು ಎಳೆದರೆ ಸಾಕಾಯಿತು.

ತೊಂದರೆ ಕಾಫಿ ಗಿಡದಲ್ಲಿತ್ತು. ಎಲೆಗೂ ಹಣ್ಣಿಗೂ ಒಂದೇ ಬೂದು ಹಾಕಿದ್ದೆ, ಪಟ್ಟಿಗೆ ಅವೆರಡರ ನಡುವಿನ ವ್ಯತ್ಯಾಸ ತಿಳಿಯದು. ಗೆಣ್ಣು ಗೆಣ್ಣಿಗೆ ಮುತ್ತಿಕೊಂಡ ಹಣ್ಣುಗಳನ್ನು ಒಂದೊಂದಾಗಿ ಗುರುತಿಸಿ ಎಲೆಯಿಂದ ಬೇರ್ಪಡಿಸಲು (ಮಾಸ್ಕ್ ಮಾಡಲು) ಎರಡು ಸಂಜೆ ಬೇಕಾಯಿತು. ಹಣ್ಣು ಕೊಯ್ಯುವ ಕೆಲಸವೇ ಇದಕ್ಕಿಂತ ಬೇಗ ಮುಗಿಯುತ್ತದೆ.

ಆದರೂ ನಾನು ಉಳಿಸಿಕೊಂಡದ್ದು ಈ ಪ್ರತಿಯನ್ನೇ. ಬಟ್ಟೆ, ಚರ್ಮ, ಗೋಡೆಗಳಿಗೆ ತಲಾ ಒಂದು ಗ್ರೇಡಿಯೆಂಟ್ ಮ್ಯಾಪ್ ಹಾಕಿ, ಅದರ ಮೇಲೆ ಯಾವ ಮೋಡ್‌ನ ಹಂಗೂ ಇಲ್ಲದೆ ಮಾಮೂಲಿ ಬ್ರಷ್‌ನಿಂದ ತಿದ್ದಿದೆ. ಬೂದಿನ ಮಂಕು ಕೊನೆಗೂ ತೊಲಗಿದ್ದು ಈ ತಿದ್ದುವಿಕೆಯಿಂದ.

ಸೋತ ‘ಕಲರ್’ ಮೋಡ್ ಅನ್ನೂ ಪೂರ್ತಿ ಬಿಡಲಿಲ್ಲ. ಎಲ್ಲಕ್ಕಿಂತ ಮೇಲೆ ಕಪ್ಪು ತುಂಬಿದ ಲೇಯರ್ ಇಟ್ಟು ಅದಕ್ಕೆ ಈ ಮೋಡ್ ಕೊಟ್ಟರೆ ಚಿತ್ರ ಮತ್ತೆ ಬೂದಾಗಿ ಕಾಣುತ್ತದೆ, ಬೆಳಕು ಎಲ್ಲಿ ಕೆಟ್ಟಿದೆ ಎಂದು ಹಿಡಿಯಬಹುದು. ಹಾಗೆ ನೋಡಿದಾಗ, ದೊಡ್ಡಮ್ಮನಿಗಾಗಿ ಗಾಢವಾಗಿಸಿದ್ದ ಚೇಲೆ ಕುಪ್ಯದ ಕಪ್ಪಿನೊಳಗೆ ಕರಗಿಹೋಗಿತ್ತು. ದೀಪದ ಕಡೆಯ ಅಂಚಿಗೆ ಒಂದು ಕಿತ್ತಳೆ ಗೆರೆ ಎಳೆದೆ, ಎರಡೂ ಬೇರೆಯಾದವು.