ಟ್ರಾಬಾಂಟ್ 601: ಕಾರು ಪುಟ್ಟದು, ಕ್ಯೂ ಉದ್ದ

ಸಮಾಜವಾದಿ ಅರ್ಥವ್ಯವಸ್ಥೆ ನಡೆಯುತ್ತದೋ ಇಲ್ಲವೋ ಎಂದು ವಾದಕ್ಕೆ ಕೂರುವ ಮುನ್ನ ಪೂರ್ವ ಜರ್ಮನಿಯ ಈ ಕಾರಿನ ಬಾನೆಟ್ ಎತ್ತಿ ನೋಡಿ. 1964ರಿಂದ 1990ರವರೆಗೆ ಹೆಚ್ಚೇನೂ ಬದಲಾಗದೆ ಬಂದ ಮಾಡೆಲ್ ಇದು.

ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಎಂಜಿನ್, ಸುಮಾರು 600 ಸಿಸಿ, 26 ಅಶ್ವಶಕ್ತಿ. ರೇಡಿಯೇಟರ್ ಇಲ್ಲ, ಪೆಟ್ರೋಲ್ ಪಂಪ್ ಇಲ್ಲ. ಟ್ಯಾಂಕ್ ಬಾನೆಟ್ ಕೆಳಗೇ ಎತ್ತರದಲ್ಲಿದೆ, ಪೆಟ್ರೋಲ್ ತಾನಾಗಿ ಇಳಿದು ಬರುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಲು ಕಡ್ಡಿ ಅದ್ದಬೇಕು. 10 ಲೀಟರ್ ಪೆಟ್ರೋಲಿಗೆ 200 ಮಿ.ಲೀ. ಆಯಿಲ್ ಬೆರೆಸಬೇಕು; 1974ಕ್ಕಿಂತ ಹಳೆಯ ಎಂಜಿನ್ನಿಗೆ 300. ಹಳೇ ಚೇತಕ್ ಓಡಿಸಿದವರಿಗೆ ಈ ಲೆಕ್ಕವೂ ಹೊಸದಲ್ಲ, ಹೊಗೆಯೂ ಹೊಸದಲ್ಲ. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲಿನ ಜತೆ ಆಯಿಲೂ ಕಡಿಮೆಯಾಗಿ ಪಿಸ್ಟನ್ ಸೀಜ್ ಆದೀತು. ಅದಕ್ಕೇ ನಾಲ್ಕನೇ ಗೇರಿಗೆ ಫ್ರೀವೀಲ್ ಇಟ್ಟಿದ್ದಾರೆ: ಆಕ್ಸಿಲರೇಟರ್ ಬಿಟ್ಟಾಗ ಚಕ್ರಗಳು ಎಂಜಿನ್ನನ್ನು ತಿರುಗಿಸುವುದಿಲ್ಲ. ಅಂದರೆ ಆ ಗೇರಿನಲ್ಲಿ ವೇಗ ತಗ್ಗಿಸಲು ಎಂಜಿನ್ನಿನ ತಡೆ ಸಿಗುವುದಿಲ್ಲ, ನಾಲ್ಕೂ ಚಕ್ರಕ್ಕೆ ಇರುವುದು ಡ್ರಮ್ ಬ್ರೇಕು. ಘಾಟಿಯಲ್ಲಿ ಮೂರಕ್ಕೆ ಇಳಿಸಿ, ಆಗಾಗ ಆಕ್ಸಿಲರೇಟರ್ ಒತ್ತುತ್ತಿರಿ.

ಉಕ್ಕಿನ ತಗಡಿಗೆ ಬರವಿದ್ದದ್ದರಿಂದ ಸೋವಿಯತ್ ಹತ್ತಿಯ ಉಳಿಕೆಗೆ ರಾಳ ಬೆರೆಸಿ ಒತ್ತಿ, ಡ್ಯೂರೋಪ್ಲಾಸ್ಟ್ ಬಾಡಿ ಮಾಡಿದರು. ಅದಕ್ಕೆ ತುಕ್ಕಿಲ್ಲ. ಆದರೆ ಒಳಗಿನ ಚೌಕಟ್ಟು ಉಕ್ಕಿನದೇ. ಈಗ ಕೊಳ್ಳುವವರು ಹೊರಗಿನ ಹೊಳಪಿಗೆ ಮರುಳಾಗದೆ ಕಾರಿನಡಿ ಮಲಗಿ ನೆಲ ಮತ್ತು ಬಾಗಿಲ ಕೆಳಗಿನ ಪಟ್ಟಿ ತಟ್ಟಿ ನೋಡಬೇಕು.

ಯಂತ್ರಕ್ಕೆ ಐದಕ್ಕೆ ಮೂರು ಅಂಕ ಕೊಡಬಹುದು. ಮಾರಾಟ ವ್ಯವಸ್ಥೆಗೆ ಸೊನ್ನೆ. ಬೆಲೆ ಸರ್ಕಾರದ್ದು, ಬೇಡಿಕೆ ಜನರದು. ಎರಡಕ್ಕೂ ತಾಳೆಯಾಗದೆ ಹತ್ತು ವರ್ಷ ಮೀರಿ ಕಾಯಬೇಕಿತ್ತು. ಹಾಗಾಗಿ ಕೈಯಲ್ಲಿರುವ ಹಳೇ ಕಾರು ಹೊಸದಕ್ಕಿಂತ ದುಬಾರಿ! ನಿಜವಾದ ಬೆಲೆ ಕಾಣಿಸುತ್ತಿದ್ದದ್ದು ಅಲ್ಲೇ. ಆದರೆ ಆ ಹೆಚ್ಚುವರಿ ಹಣ ಮಾರಿದವನ ಜೇಬಿಗೆ ಹೋಯಿತೇ ಹೊರತು ಟ್ಸ್ವಿಕಾವ್ ಊರಿನ ಟ್ರಾಬಾಂಟ್ ಕಾರ್ಖಾನೆಗೆ ಹೊಸ ಶೆಡ್ಡು ಕಟ್ಟಲು ಬರಲಿಲ್ಲ. ಮಾಡಿದ್ದೆಲ್ಲ ಬಿಕರಿಯಾಗುವಾಗ ಸುಧಾರಿಸುವ ದರ್ದೂ ಇಲ್ಲ: ಬದಲಿ ಕಾರಿನ ಮಾದರಿ ಸಿದ್ಧವಿದ್ದರೂ 1968ರಲ್ಲಿ ಆಳುವ ಪಕ್ಷದ ನಾಯಕತ್ವ ಅದನ್ನು ನಿಲ್ಲಿಸಿತು.

ನಮ್ಮಲ್ಲೂ ಸ್ಕೂಟರಿಗೆ ವರ್ಷಗಟ್ಟಲೆ ಕಾದ ಕಾಲವಿತ್ತು. ಆದರೆ ಇಲ್ಲಿ ಕಂಪನಿ ಖಾಸಗಿ, ಲೈಸೆನ್ಸಿನ ಮಿತಿ ಸರ್ಕಾರದ್ದು. ಕ್ಯೂ ಹುಟ್ಟಲು ಕಾರ್ಖಾನೆ ಸರ್ಕಾರದ್ದೇ ಆಗಬೇಕಿಲ್ಲ.

ಕೊನೆಗೂ 1990ರಲ್ಲಿ ಟ್ರಾಬಾಂಟಿನ ಹೊಸ ಮಾಡೆಲಿಗೆ ಫೋಕ್ಸ್‌ವ್ಯಾಗನ್ನಿನ ಫೋರ್-ಸ್ಟ್ರೋಕ್ ಎಂಜಿನ್ ಬಂತು. ಅಷ್ಟರಲ್ಲಿ ಬರ್ಲಿನ್ ಗೋಡೆ ಬಿದ್ದು, ಪಶ್ಚಿಮದ ಸೆಕೆಂಡ್‌ಹ್ಯಾಂಡ್ ಕಾರುಗಳು ಬಂದು, ಕ್ಯೂ ಕರಗಿಹೋಗಿತ್ತು. 1991ರ ಏಪ್ರಿಲ್‌ನಲ್ಲಿ ಟ್ರಾಬಾಂಟಿನ ಉತ್ಪಾದನೆಯೇ ನಿಂತಿತು.