ಡೆತ್ ಬ್ಯಾಂಡ್: 'ಹ್ಯೂಮನ್' ಕೊಳ್ಳಲೋ, 'ಸಿಂಬಾಲಿಕ್' ಕೊಳ್ಳಲೋ?

ಅಮೆರಿಕದ ಡೆತ್ ಮೆಟಲ್ (ಗಂಟಲಾಳದ ಕರ್ಕಶ ದನಿಯ, ಅಬ್ಬರದ ಗಿಟಾರ್ ಸಂಗೀತ) ಬ್ಯಾಂಡ್ 'ಡೆತ್'ನ ಏಳು ಆಲ್ಬಮ್‌ಗಳಲ್ಲಿ ಒಂದನ್ನಷ್ಟೇ ಕೊಳ್ಳಲು ದುಡ್ಡಿದ್ದರೆ 1995ರ 'ಸಿಂಬಾಲಿಕ್' ತಗೊಳ್ಳಿ. ಪಂಡಿತರು 1991ರ 'ಹ್ಯೂಮನ್' ಅನ್ನುತ್ತಾರೆ. ಅವರ ಮಾತು ಕೇಳಿ ನಾನೂ ಅದರ ಸೀಡಿ ತರಿಸಿದ್ದೆ. ತಲೆನೋವು ಶುರುವಾದದ್ದೇ ಅಲ್ಲಿಂದ.

'ಹ್ಯೂಮನ್' ದೊಡ್ಡ ಜಿಗಿತ, ಅದರಲ್ಲಿ ತಕರಾರಿಲ್ಲ. 1987ರ 'ಸ್ಕ್ರೀಮ್ ಬ್ಲಡಿ ಗೋರ್', ಮರುವರ್ಷದ 'ಲೆಪ್ರಸಿ' ಎರಡರಲ್ಲೂ ಬ್ಯಾಂಡಿನ ಗಾಯಕ, ಗಿಟಾರ್ ವಾದಕ ಚಕ್ ಶುಲ್ಡಿನರ್ ಹಾಡಿದ್ದು ಹೆಣ, ನೆತ್ತರು, ಕೊಳೆತ ಮೈಯ ಕತೆಗಳನ್ನೇ. 1990ರ 'ಸ್ಪಿರಿಚುಯಲ್ ಹೀಲಿಂಗ್' ಹೊತ್ತಿಗೆ ಹೆಣಗಳು ಹಿಂದೆ ಸರಿದು, ಬದುಕಿರುವವರ ಡಾಂಭಿಕತನ ಮುಂದೆ ಬಂತು. ಆಮೇಲೆ ಆತ ಜೊತೆಗಾರರನ್ನೇ ಬದಲಾಯಿಸಿಬಿಟ್ಟ. ಸಿನಿಕ್ ಬ್ಯಾಂಡಿನಿಂದ ಗಿಟಾರಿಗೆ ಪಾಲ್ ಮಾಸ್ವಿಡಾಲ್, ಡ್ರಮ್ಸ್‌ಗೆ ಶಾನ್ ರೈನರ್ಟ್ ಬಂದರು. ಬೇಸ್ ಗಿಟಾರಿಗೆ ಸ್ಟೀವ್ ಡಿ ಜಾರ್ಜಿಯೊ. ರೈನರ್ಟ್‌ನ ಕೈಯಲ್ಲಿ ಜಾಝ್ ಇದೆ. ಎಷ್ಟೇ ವೇಗವಿದ್ದರೂ ಪೆಟ್ಟುಗಳ ನಡುವೆ ಸೂಕ್ಷ್ಮ ಕುಸುರಿ ಮಾಡುತ್ತಲೇ ಇರುತ್ತಾನೆ. ಇಡೀ ಆಲ್ಬಮ್ 35 ನಿಮಿಷದೊಳಗೆ ಮುಗಿಯುತ್ತದೆ.

ತೊಂದರೆ ಇರುವುದು ಮಿಕ್ಸ್‌ನಲ್ಲಿ, ಅಂದರೆ ವಾದ್ಯಗಳ ಸದ್ದನ್ನು ಒಟ್ಟುಗೂಡಿಸಿದ ರೀತಿಯಲ್ಲಿ. 1991ರ ಮೂಲ ಮಿಕ್ಸ್‌ನಲ್ಲಿ ಡಿ ಜಾರ್ಜಿಯೊನಂಥ ವಾದಕನ ಬೇಸ್ ಗಿಟಾರ್ ಗಿಟಾರುಗಳಡಿ ಹೂತುಹೋಗಿದೆ. ಹೆಡ್‌ಫೋನ್ ಹಾಕಿಕೊಂಡು ಹುಡುಕಬೇಕು, ಸಿಕ್ಕಿತು ಅನ್ನುವಷ್ಟರಲ್ಲಿ ಮತ್ತೆ ಮಾಯ. ಆದರೂ ಆ ಮಿಕ್ಸ್‌ಗೊಂದು ಹದವಿದೆ. ಮೊದಲ ಹಾಡಿನ ಶುರುವಿನಲ್ಲಿ ಡ್ರಮ್ಸ್ ದೂರದಿಂದ ಹತ್ತಿರಕ್ಕೆ ಬರುತ್ತಾ ಏರುತ್ತದಲ್ಲ, ನನ್ನ ಕಿವಿ ಒಗ್ಗಿದ್ದು ಅದಕ್ಕೆ.

ನನಗೆ ಬಂದ ಸೀಡಿ 2011ರ ಮರುಬಿಡುಗಡೆಯದು. ಹಾಕಿದ ಕೂಡಲೇ ಡ್ರಮ್ಸ್ ಸದ್ದು ಬೇರೆ ಅನ್ನಿಸಿತು. ಅದು ಬರೀ ರೀಮಾಸ್ಟರ್ ಅಲ್ಲ, ಧ್ವನಿ ತಂತ್ರಜ್ಞ ಜಿಮ್ ಮೊರಿಸ್ ಮಾಡಿದ ರೀಮಿಕ್ಸ್. ರೀಮಾಸ್ಟರ್ ಅಂದರೆ ಮುಗಿದ ಧ್ವನಿಮುದ್ರಣಕ್ಕೆ ಮೇಲಿಂದ ಹೊಳಪು ಕೊಡುವುದು. ರೀಮಿಕ್ಸ್‌ನಲ್ಲಿ ಒಂದೊಂದು ವಾದ್ಯದ ಮಟ್ಟವನ್ನೂ ಹೊಸದಾಗಿ ಕೂರಿಸುತ್ತಾರೆ. ಮಾರಿದವರ ವಿವರದಲ್ಲಿ ಈ ವ್ಯತ್ಯಾಸದ ಸುಳಿವೇ ಇರಲಿಲ್ಲ, ಕೇಳಿದ್ದಕ್ಕೆ "ಹಾಡುಗಳು ಅವೇ ತಾನೇ?" ಅಂದರು.

ಹೊಸ ಮಿಕ್ಸ್‌ನಲ್ಲಿ ಬೇಸ್ ಗಿಟಾರ್ ಕೇಳುತ್ತದೆ, ನಿಜ. ಡಿ ಜಾರ್ಜಿಯೊ ಏನೇನು ನುಡಿಸಿದ್ದ ಅನ್ನುವುದು ಈಗ ಗೊತ್ತಾಗುತ್ತದೆ. ಅದರ ಬದಲಿಗೆ ಹಳೆಯದರ ಕತ್ತಲೆ ಹೋಗಿದೆ. ಗಿಟಾರ್‌ಗಳು ತೊಳೆದಿಟ್ಟಷ್ಟು ಸ್ವಚ್ಛ. ಎರಡೂ ಬೇಕೆಂದರೆ ಒಂದೇ ಆಲ್ಬಮ್ಮನ್ನು ಎರಡು ಸಲ ಕೊಳ್ಳಬೇಕು, ನನ್ನ ಜೇಬಿಗೆ ಅದು ಆಗದ ಮಾತು.

'ಸಿಂಬಾಲಿಕ್'ನಲ್ಲಿ ಈ ರಗಳೆಯೇ ಇಲ್ಲ. ಇದರ ಧ್ವನಿಯ ಹಿಂದಿರುವವನೂ ಜಿಮ್ ಮೊರಿಸ್, ಆದರೆ ಇಲ್ಲಿ ಶುರುವಿನಿಂದಲೇ ಎಲ್ಲ ಬಿಡಿಬಿಡಿಯಾಗಿ ಕೇಳುತ್ತದೆ. ಜೀನ್ ಹೋಗ್ಲನ್‌ನ ಡ್ರಮ್ಸ್‌ಗೆ ಉಸಿರಾಡಲು ಜಾಗವಿದೆ. ಚಕ್ ಇಲ್ಲಿ ವೇಗದ ಹಠ ಬಿಟ್ಟಿದ್ದಾನೆ, ರಿಫ್ (ಮರುಕಳಿಸುವ ಗಿಟಾರ್ ತುಣುಕು) ಒಂದನ್ನು ಕೇಳುವವರ ತಲೆಯೊಳಗೆ ಕೂರುವವರೆಗೂ ಬಿಡುವುದಿಲ್ಲ. 'ಕ್ರಿಸ್ಟಲ್ ಮೌಂಟನ್' ರಿಫ್ಫನ್ನು ಗುನುಗಬಹುದು. ಡೆತ್ ಮೆಟಲ್ ಹಾಡನ್ನು ಗುನುಗುವುದೇ ಅನ್ನಬೇಡಿ, ನಾನು ಪಾತ್ರೆ ತೊಳೆಯುವಾಗ ಗುನುಗುವುದು ಅದನ್ನೇ. ಅದರ ಕೊನೆಗೆ ಅಕೂಸ್ಟಿಕ್ ಗಿಟಾರ್ ಬರುತ್ತದೆ, ತುರುಕಿದಂತೆ ಅನ್ನಿಸುವುದಿಲ್ಲ. ಕಳೆದುಹೋದ ಮುಗ್ಧತೆ, ಸದಾ ಕಾಯುವ ಕಣ್ಗಾವಲು, ಧರ್ಮದ ಹೆಸರಿನ ಆಷಾಢಭೂತಿತನ: ಹಾಡುಗಳ ವಸ್ತುವೂ ದೊಡ್ಡವರಾದವರಿಗೆ ತಾಗುವಂಥದ್ದು.

ನಡುವಿನ 1993ರ 'ಇಂಡಿವಿಜುವಲ್ ಥಾಟ್ ಪ್ಯಾಟರ್ನ್ಸ್'ನಲ್ಲಿ ಡಿ ಜಾರ್ಜಿಯೊನ ಫ್ರೆಟ್‌ಲೆಸ್ (ಕತ್ತಿನ ಮೇಲೆ ಅಡ್ಡಪಟ್ಟಿಗಳಿಲ್ಲದ) ಬೇಸ್ ಕೊನೆಗೂ ಮುಂದೆ ಬಂದಿದೆ. ಬೇಸ್ ನುಡಿಸುವವರು ನನ್ನ ಮಾತು ಬಿಟ್ಟು ಅದನ್ನೇ ಕೊಳ್ಳಲಿ.

1998ರ 'ದ ಸೌಂಡ್ ಆಫ್ ಪರ್ಸಿವಿಯರೆನ್ಸ್' ನುಡಿಸಾಣಿಕೆಯಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಆದರೆ ಚಕ್‌ನ ದನಿ ಇಲ್ಲಿ ಗಂಟಲಾಳ ಬಿಟ್ಟು ಚೀರುವ ಎತ್ತರಕ್ಕೆ ಏರಿದೆ, ಅರ್ಧ ಗಂಟೆಗೆ ನನಗೆ ಸಾಕಾಗುತ್ತದೆ. ದನಿಯೂ ಡ್ರಮ್ಸೂ ಇಲ್ಲದ 'ವಾಯ್ಸ್ ಆಫ್ ದ ಸೋಲ್' ಒಂದನ್ನು ಮಾತ್ರ ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ಆಲ್ಬಮ್ಮಿನ ಕೊನೆಗೆ ಜೂಡಸ್ ಪ್ರೀಸ್ಟ್ ಬ್ಯಾಂಡಿನ 'ಪೇನ್‌ಕಿಲರ್' ಹಾಡಿದ್ದಾರೆ. ಅದು ಬೇಕೆನ್ನಿಸಿದಾಗ ನಾನು ಜೂಡಸ್ ಪ್ರೀಸ್ಟ್‌ನದ್ದನ್ನೇ ಹಾಕುತ್ತೇನೆ.