ಸ್ವಂತ ಪುಟ್ಟ ಪ್ರೋಗ್ರಾಮಿಂಗ್ ಭಾಷೆ ಕಟ್ಟೋಕೆ ಆಂಟ್ಲರ್, ಎಕ್ಸ್‌ಟೆಕ್ಸ್ಟ್, ಇಲ್ಲಾ ಎಂಪಿಎಸ್?

ಬರೀ ಪಾರ್ಸರ್ (ಬರೆದ ಕೋಡ್ ಓದಿ ಅದರ ರಚನೆ ಗುರುತಿಸುವ ಪ್ರೋಗ್ರಾಂ) ಸಾಕಾ? ಹಾಗಾದ್ರೆ ಆಂಟ್ಲರ್ 4 ತಗೊಳ್ಳಿ. ನಿಮ್ಮ ಭಾಷೆಯ ವ್ಯಾಕರಣ ಬರೆದುಕೊಟ್ಟರೆ ಜಾವಾ, ಪೈಥಾನ್, ಗೋ ಹೀಗೆ ಹಲವು ಭಾಷೆಗಳಲ್ಲಿ ಪಾರ್ಸರ್ ಕೊಡುತ್ತದೆ, ಆದರೆ ಎಡಿಟರ್, ಕೋಡ್ ಜನರೇಟರ್ (ನಿಮ್ಮ ಭಾಷೆಯಲ್ಲಿ ಬರೆದದ್ದರಿಂದ ಬೇರೆ ಕೋಡ್ ಹುಟ್ಟಿಸುವ ಭಾಗ) ಎಲ್ಲಾ ನಿಮ್ಮ ತಲೆಮೇಲೇ. ಎಕ್ಸ್‌ಟೆಕ್ಸ್ಟ್ ಒಳಗಿರುವುದೂ ಆಂಟ್ಲರೇ. ಜೊತೆಗೆ ಅದೇ ವ್ಯಾಕರಣದಿಂದ ಎಕ್ಲಿಪ್ಸ್ (ಕೋಡ್ ಬರೆಯುವ ಸಾಫ್ಟ್‌ವೇರ್) ಎಡಿಟರ್ ಕೂಡ ಸಿಗುತ್ತದೆ, ಕೋಡ್ ಹುಟ್ಟಿಸೋಕೆ ಎಕ್ಸ್‌ಟೆಂಡ್ ಭಾಷೆಯ ಟೆಂಪ್ಲೇಟ್ ಇದೆ.

ಜೆಟ್‌ಬ್ರೇನ್ಸ್ ಎಂಪಿಎಸ್ ದಾರಿಯೇ ಬೇರೆ. ಅಲ್ಲಿ ಪಾರ್ಸರೇ ಬೇಡ, ನೀವು ಟೈಪ್ ಮಾಡಿದ್ದು ನೇರವಾಗಿ ಸಿಂಟ್ಯಾಕ್ಸ್ ಟ್ರೀಯನ್ನೇ (ಕೋಡ್‌ನ ರಚನೆ ತೋರಿಸುವ ಮರ) ಬದಲಿಸುತ್ತದೆ, ಹಾಗಾಗಿ ಕೋಡ್ ಮಧ್ಯೆ ಟೇಬಲ್, ಗಣಿತದ ಸೂತ್ರ ಕೂಡ ಇಡಬಹುದು. ಮಜಾ ಅಲ್ವಾ? ಆದರೆ ಫೈಲ್ ಎಕ್ಸ್‌ಎಂಎಲ್‌ನಲ್ಲಿ ಉಳಿಯುವುದರಿಂದ ಎಂಪಿಎಸ್ ಹೊರಗೆ ಡಿಫ್ (ಫೈಲ್‌ನಲ್ಲಿ ಏನು ಬದಲಾಯ್ತು ಅನ್ನೋ ಹೋಲಿಕೆ) ಓದುವುದು ತಲೆನೋವು, ಕಲಿಯೋಕೂ ಜಾಸ್ತಿ ದಿನ ಬೇಕು.

ವಿಎಸ್ ಕೋಡ್ ಎಡಿಟರ್‌ನಲ್ಲೇ ಕೆಲಸ ಮಾಡುವವರಿಗೆ ಟೈಪ್‌ಸ್ಕ್ರಿಪ್ಟ್ ಭಾಷೆಯಲ್ಲಿರುವ ಲ್ಯಾಂಗಿಯಂ ಅನ್ನೋ ಇಂಥದ್ದೇ ಟೂಲ್ ಇದೆ. ನಾನಾದ್ರೆ ಅಲ್ಲಿಂದಲೇ ಶುರು ಮಾಡುತ್ತೇನೆ.